ಹನ್ನೊಂದು ಷೇರು

ಮೇಯ್ನ್ ಕರಾವಳಿ. ಮೀನು ಡಬ್ಬಿಯ ಕಾರ್ಖಾನೆ.
ಸಭೆಗೆ ಬಂದವರು ಒಂಬತ್ತು ಜನ,
ಗೊಣಗುವ ಹೀಟರು ಸೇರಿದರೆ ಹತ್ತು.

"ಮಾರಿದ್ದರೆ ನಿಮ್ಮನ್ನು ಕೇಳಲೇಬೇಕಿತ್ತು," ಎಂದ ವಕೀಲ,
"ಅಡವಿಡಲು ನಿರ್ದೇಶಕರು ಸಾಕು. ನಿಯಮ ಹಾಗಿದೆ."

ವರ್ನಾ ಬೀಲ್ ಎದ್ದಳು.
ಮೂವತ್ತೆರಡು ವರ್ಷ ಕತ್ತರಿಯಲ್ಲಿ
ಸಾರ್ಡೀನಿನ ತಲೆ ತೆಗೆದ ಕೈ;
ಬಾಕಿ ಸಂಬಳದ ಬದಲು ಕೊಟ್ಟ
ಹನ್ನೊಂದು ಷೇರು ಅವಳವು.

"ಜೆಟ್ಟಿ?"
"ಅಡವು."
"ಐಸು ಮನೆ?"
"ಅದೂ."
"ದೋಣಿ ಬಂತೆಂದು ಊದುವ ಸೀಟಿ?"

ವಕೀಲ ಪಟ್ಟಿ ನೋಡಿದ. ನಿಜಕ್ಕೂ ನೋಡಿದ.
ನಾಲ್ಕನೇ ಪುಟ, ಬಾಯ್ಲರಿನ ಕೆಳಗೆ,
ಸೀಟಿ: ಹಿತ್ತಾಳೆ, ಒಂದು.

ಅವಳು ಕೂತಳು. ಕೋಟಿನ ಗುಂಡಿ ಹಾಕಿಕೊಂಡಳು.
"ನನ್ನ ಗಂಡನೂ ದೋಣಿ ಮಾರಲಿಲ್ಲ,"
ಪಕ್ಕದವನಿಗೆ ಹೇಳಿದಳು,
"ಅಡವಷ್ಟೇ ಇಟ್ಟಿದ್ದ."