ಬೆರಳುದ್ದದ ಕಡಗೋಲು

ಯರ್ರಿಸ್ವಾಮಿಯ ಕಟಿಂಗ್ ಷಾಪಿನಲ್ಲಿ
ಕನ್ನಡಿಯ ಹಿಂದೆ ಸತ್ತ ಟ್ರಿಮ್ಮರ್ ಒಂದಿತ್ತು.
‘ಎಷ್ಟು ಗಡ್ಡ ಕಂಡೈತೋ ಏನೋ,
ಸಾಕಂತ ಕುಂತುಬಿಟ್ಟೈತಿ, ಒಯ್ಯಪಾ’ ಎಂದ.
ದುಡ್ಡು ಮುಟ್ಟಲಿಲ್ಲ.

ಮನೆಗೆ ತಂದು ಬಿಚ್ಚಿದರೆ
ಮೋಟರಿನ ಕುತ್ತಿಗೆಗೆ ಸುತ್ತಿಕೊಂಡಿತ್ತು
ಅರ್ಧ ಕೌಲ್‌ಬಜಾರಿನ ಕೂದಲು:
ಕಪ್ಪು, ನರೆ, ಮೆಹೆಂದಿ ಹಚ್ಚಿದ ಕೆಂಪು.
ಸೂಜಿಯಿಂದ ಎಳೆ ಎಳೆ ಬಿಡಿಸಿ
ಎರಡು ಪೆನ್ಸಿಲ್ ಸೆಲ್ಲು ತಾಗಿಸಿದೆ.
ಗುಂಯ್ ಅಂದಿತು.
ಉಸಿರುಗಟ್ಟಿ ಬಿದ್ದಿತ್ತಷ್ಟೆ, ಪಾಪ.

ಮಂಚದ ಕೆಳಗೆ ನನ್ನದೊಂದು ಗೂಡ್ಸ್ ಗಾಡಿ.
ಹನ್ನೊಂದು ವ್ಯಾಗನ್ನು, ಒಂದೊಂದೂ ಗೇಣುದ್ದ,
ಡಬ್ಬಿ ತಗಡು, ರಟ್ಟು, ಮೂರು ವರ್ಷದ ರಾತ್ರಿಗಳು.
ಸಂಡೂರಿನಿಂದ ಅದಿರು ಹೊತ್ತು
ತೋರಣಗಲ್ಲಿಗೆ ಹೋಗಬೇಕು, ಹೋಗಿಲ್ಲ ಇನ್ನೂ,
ಬಣ್ಣವಿಲ್ಲದೆ ನಿಂತಿದೆ.

ಬಣ್ಣದ ಸೀಸೆಗಳು ಹೆಬ್ಬೆರಳಷ್ಟೇ.
ತಿಂಗಳು ಮುಚ್ಚಿಟ್ಟರೆ
ಮೇಲೆ ತಿಳಿಯೆಣ್ಣೆ, ಕೆಳಗೆ ಕೆಸರು,
ಮಾತು ಬಿಟ್ಟ ಅಣ್ಣತಮ್ಮರು ಒಂದೇ ಮನೆಯಲ್ಲಿ.
ಅಲ್ಲಾಡಿಸಿದರೆ ನೊರೆ.
ಕಡ್ಡಿಯಿಂದ ಕಲಕಿದರೆ ಗಂಟು,
ಆ ಗಂಟು ತಗಡಿನ ಮೇಲೆ
ಸಿಡುಬಿನ ಕಲೆಯಾಗಿ ಒಣಗುತ್ತದೆ.

ಹಗಲು ನಾನು ಜೀನ್ಸ್ ವಾಷಿಂಗ್ ಯೂನಿಟ್ಟಿನಲ್ಲಿ
ಹೊಸ ಪ್ಯಾಂಟಿನ ಮಂಡಿ ತಿಕ್ಕುವವನು.
ಯಾರೂ ಊರದ ಮಂಡಿಗೆ ಸವಕಲು,
ಯಾರೂ ಕೈಯಿಡದ ಜೇಬಿಗೆ ಬಿಳಿಚು.
ಮರಳುಕಾಗದ ಹಿಡಿದು ದಿನಕ್ಕೆ ನೂರಿಪ್ಪತ್ತು ಪ್ಯಾಂಟಿಗೆ
ವಯಸ್ಸು ಮಾಡುತ್ತೇನೆ.
ಉಗುರಿನ ಸಂದಿ ಸದಾ ನೀಲಿ.

ಮೋಟರಿನ ಮೂಗಿಗೆ ರೀಫಿಲ್ಲಿನ ತುಂಡು,
ಅದಕ್ಕೆ ಮಗಳ ಸೈಕಲ್ಲಿನ ಕಡ್ಡಿ.
‘ಮೂವತ್ತಾರರಲ್ಲಿ ಒಂದು ತಾನೆ’ ಅಂದೆ.
‘ಗಾಲಿ ಸೊಟ್ಟ ಆದ್ರ
ನೀನೇ ಹೊತ್ಕೊಂಡು ಬಿಡು ಸಾಲಿಗೆ’ ಅಂದಳು.

ತುದಿಗೆ ರೆಕ್ಕೆ ಬೇಕಲ್ಲ?
ಪೆನ್ನಿನ ಮುಚ್ಚಳ ಕತ್ತರಿಸಿ ಅಂಟಿಸಿದೆ,
ತಿನ್ನರಿನಲ್ಲಿ ಬೆಲ್ಲದ ಪಾಕವಾಯಿತು.
ಸೋಡಾ ಬಿರಡೆಯ ತಗಡು
ಸೀಸೆಯ ಬಾಯಲ್ಲಿ ಹಿಡಿಸಲಿಲ್ಲ.
ಬೀಡಿಗೆಂದು ಜೇಬು ತಡಕಿದರೆ
ಯೂನಿಟ್ಟಿನಿಂದ ತಾನಾಗಿ ಬಂದ ರಿವಿಟ್ಟು,
ತಾಮ್ರದ್ದು, ಜೋಳದ ಕಾಳಷ್ಟು.
ಒರಳಿನ ಅಂಚಿಗಿಟ್ಟು ಬಡಿದೆ,
ಅಗಲವಾದ ಮೇಲೆ ಎರಡೂ ಬದಿ ಚೂರು ತಿರುಚಿದೆ.
ಮೊಬೈಲ್ ರಿಪೇರಿಯ ಹೊನ್ನೂರ್‌ವಲಿ ಬೆಸುಗೆ ಹಾಕುತ್ತಾ
‘ಏನ್ ಭಾಯ್, ಇರುವೆಗೆ ಮಜ್ಜಿಗೆ ಕಡೀತೀಯಾ?’

ಮೊದಲ ಸಲ ಒತ್ತಿದಾಗ
ಸೀಸೆಯೇ ಗಿರ್ರನೆ ತಿರುಗಿ
ಗೋಡೆಗೆ, ಕ್ಯಾಲೆಂಡರಿಗೆ,
ಮಡಿಚಿಟ್ಟ ಸೀರೆಯ ಅಂಚಿಗೆ.
ಸುಂಕಮ್ಮ ಬೈಯಲಿಲ್ಲ. ಅದೇ ಹೆದರಿಕೆ.
ರೊಟ್ಟಿಗೆ ನಾದಿದ ಹಿಟ್ಟಿನಲ್ಲಿ ಒಂದು ಉಂಡೆ ಹರಿದು
ನೆಲಕ್ಕೆ ಒತ್ತಿ, ಸೀಸೆಯನ್ನು ಅದರಲ್ಲಿ ನೆಟ್ಟಳು.
‘ಒಂದು ಸೆಲ್ ತೆಗಿ. ಜೋರು ಕಡದ್ರ ಬೆಣ್ಣಿ ಬರಂಗಿಲ್ಲ.
ಅದ್ದಿ ಆಮ್ಯಾಲೆ ತಿರುಗಿಸು,
ನಿಲ್ಲಿಸಿ ಆಮ್ಯಾಲೆ ಎತ್ತು.
ಯಾರ ಹೊಟ್ಯಾಗ ಹುಟ್ಟಿದ್ಯೋ,
ಇಷ್ಟೂ ಗೊತ್ತಿಲ್ಲ.’

ಕೆಸರು ಎದ್ದಿತು, ನಿಧಾನ,
ಹೊಗೆಯಂತೆ, ಆಮೇಲೆ ಗಂಜಿಯಂತೆ.
ಕೆಂಪಿಗೆ ಎರಡು ಹನಿ ಕಂದು, ಸೂಜಿಮೊನೆಯಷ್ಟು ಕಪ್ಪು.
ರಟ್ಟಿನ ಚೂರಿಗೆ ಬಳಿದು ಬೆಳಕಿಗೆ ಹಿಡಿದೆ:
ಇದೇ ಅದಿರಿನ ಧೂಳು, ಮುಗಿಯಿತು ಅಂದುಕೊಂಡೆ.

ಅವಳು ಬಗ್ಗಿ ನೋಡಿದಳು ಬಹಳ ಹೊತ್ತು.
ಅವಳಪ್ಪ ಸೈಡಿಂಗಿನಲ್ಲಿ ಲೋಡಿಂಗ್ ಮಾಡಿದವನು,
ನಾನು ನೋಡಿಲ್ಲ, ಫೋಟೋ ಇಲ್ಲ.
‘ಇದು ಒಗೆಯೋಕ್ ಮೊದಲಿಂದು’ ಅಂದಳು,
‘ಅವ್ವ ನಾಕು ಸಲ ಒಗೆದ ಮ್ಯಾಲೂ
ಕೊರಳಪಟ್ಟ್ಯಾಗ ಉಳೀತಿತ್ತಲ್ಲ,
ಅದು ಇನ್ನೊಂಚೂರು ತಿಳಿ.’

ಬಿಳಿ, ಒಂದು ಹನಿ. ‘ಹ್ಞೂಂ ಹ್ಞೂಂ.’
ಇನ್ನೊಂದು. ಮೋಟರು ಬಿಸಿಯಾಯಿತು, ನಿಲ್ಲಿಸಿ ಊದಿದೆ.
ಮತ್ತೊಂದು.
‘ಹಾಂ’ ಅಂದು ಅವಳು
ಒಲೆಯ ಕಡೆ ತಿರುಗಿದಳು, ರೊಟ್ಟಿ ತಟ್ಟಲು.
ಆ ಉಂಡೆಯನ್ನು ಬಿಟ್ಟು.

ಬೆಳಿಗ್ಗೆ ನೋಡಿದರೆ ಮೊದಲ ವ್ಯಾಗನ್ನಿನ ಬದಿಗೆ
ಬಣ್ಣದೊಳಗೆ ಒಣಗಿ ಕೂತಿತ್ತು ಒಂದು ಕೂದಲು,
ಯಾವ ಸಾಹೇಬರ ಗಡ್ಡದ್ದೋ, ಮೆಹೆಂದಿಯದು.
ಕೀಳಲು ಹೋಗಿ ಬಿಟ್ಟೆ.
ಯೂನಿಟ್ಟಿಗೆ ಹೊತ್ತಾಗಿತ್ತು.