ಆರನೆಯ ವಾಲ್ವು

ಬೆಳಗ್ಗೆ ಐದೂಕಾಲು. ಪಂಪ್‌ಹೌಸಿನ ಬಾಗಿಲು
ಕಾಲಲ್ಲಿ ಒದ್ದರೇ ತೆರೆಯುವುದು.
ಈ ಪಾರೆಯ ಮೇಲೆ ನನಗಿಂತ ಮುಂಚೆ ಏಳುವುದು
ಟಿಟ್ಟಿಭ ಮಾತ್ರ, ಮತ್ತೆ ಮೆಸ್ಸಿನ ಕಾರ್ತ್ಯಾಯಿನಿ.

ಒಂದನೆಯ ವಾಲ್ವು ಆಡಳಿತ ಭವನಕ್ಕೆ.
ಅಲ್ಲಿ ನೀರು ಖರ್ಚಾಗುವುದೇ ಇಲ್ಲ, ಗಾಜು ತೊಳೆಯುವ ದಿನ ಬಿಟ್ಟು.
ಎರಡು, ಹುಡುಗರ ಹಾಸ್ಟೆಲು: ತಿರುಗಿಸಿದ್ದೇ ತಡ
ಪೈಪು ಗೊರಕೆ ಹೊಡೆಯುತ್ತದೆ, ಅವರೊಂದಿಗೆ.
ಹುಡುಗಿಯರ ಕಡೆಗೆ ಮೂರು. ಟ್ಯಾಂಕು ತುಂಬುವ ಮೊದಲೇ ಖಾಲಿ,
ನನ್ನ ಮೇಲೆ ಬರೆದ ದೂರುಗಳೆಲ್ಲ ಅಲ್ಲಿಂದಲೇ.
ಲ್ಯಾಬಿನವರದು ನಾಲ್ಕು. ಏನೇನೋ ಬೆರೆಸಿ ಹೊರಬಿಡುತ್ತಾರೆ,
ಆ ಚರಂಡಿಯ ಬದಿಯಲ್ಲಿ ತುಂಬೆ ಹುಟ್ಟುವುದಿಲ್ಲ.
ಐದು ಲೈಬ್ರರಿ.
ನಾಲ್ಕು ಮಾಳಿಗೆಗೆ ಒಂದೇ ಒಂದು ಕುಡಿಯುವ ನಳ್ಳಿ,
ಅದರಡಿ ಒಂದು ಬಟ್ಟಲು, ಬೆಕ್ಕಿಗೆ.

ಬೋರ್ಡುಗಳೆಲ್ಲ ಮೂರು ಭಾಷೆಯಲ್ಲಿವೆ.
ನಾಲ್ಕನೆಯದಕ್ಕೆ ಜಾಗ ಬಿಟ್ಟರೋ, ಬಿಟ್ಟೇ ಹೋಯಿತೋ.
ಉಳಿದ ಹಸಿರು ಪೈಂಟಿನಲ್ಲಿ, ಬೆರಳಿಗೆ ಬಟ್ಟೆ ಸುತ್ತಿ,
ನಾನೇ ಗೋಡೆಗೆ ಬರೆದುಕೊಂಡೆ: ೧, ೨, ೩,
ಪಕ್ಕದಲ್ಲಿ ‘ಮೆಲ್ಲ ತಿರುಗಿಸಿ’.
ಇಷ್ಟು ದೊಡ್ಡ ಯೂನಿವರ್ಸಿಟಿಯಲ್ಲಿ ಕನ್ನಡದ ಬೋರ್ಡು ನೋಡಬೇಕೆಂದರೆ
ಪಂಪ್‌ಹೌಸಿಗೆ ಬರಬೇಕು.

ಹೆಲಿಪ್ಯಾಡಿಗೆ ನೀರಿಲ್ಲ, ಬೇಕಾಗಿಯೂ ಇಲ್ಲ.
ದೊಡ್ಡವರು ಎರಡು ಸಲ ಇಳಿದರು, ಧೂಳಲ್ಲೇ ಕೈಮುಗಿದರು.
ಎರಡು ಸಲವೂ, ಕೆಳಗೆ ನಮ್ಮ ಮನೆಯಲ್ಲಿ,
ಚನಿಯಾರು ಅತ್ತೆ ತಡಿಕೆ ಎಳೆದು ಬಾವಿ ಮುಚ್ಚಿದಳು.
ಇದು ಗೇರುತೋಟವಾಗಿದ್ದಾಗ, ಮೇಲಿಂದ ಆ ಸದ್ದು ಬಂದರೆ
ಬಾವಿ ಮುಚ್ಚಿ, ಎಂದು ಹೇಳಿಹೋಗುತ್ತಿದ್ದರಂತೆ.
ಈಗ ಹಾಗಲ್ಲ ಅತ್ತೆ, ಮಂತ್ರಿ ಬಂದದ್ದು, ಅಂದೆ.
ಇರಲಿ, ಅಂದಳು.
ತಡಿಕೆಯ ಮೇಲೆ ಒಂದು ಕಲ್ಲೂ ಇಟ್ಟಳು.

ನಕ್ಷೆಯಲ್ಲಿ ಐದೇ ವಾಲ್ವು.
ಆರನೆಯದು ನನ್ನದು.
ಆಟದ ಮೈದಾನದ ಹಿಂದೆ, ಕಂಟ್ರಾಕ್ಟರು ಸುರಿದ ಮಣ್ಣಿನ ರಾಶಿ ದಾಟಿ
ಈಚಲ ಪೊದೆ ಸರಿಸಿದರೆ ಸುರಂಗದ ಬಾಯಿ.
ಅಪ್ಪ ತನಿಯ, ಮೂರು ಬೇಸಿಗೆ, ಮುರಕಲ್ಲಿನ ಹೊಟ್ಟೆಯೊಳಗೆ
ಕುಕ್ಕರಗಾಲಲ್ಲಿ ಕೂತು, ಯಾರದೋ ಜಾಗಕ್ಕೆ ಕೊರೆದದ್ದು.
ಧಣಿ ಜಾಗ ಮಾರಿದರು. ಸರ್ಕಾರ ಅಳೆದುಕೊಂಡಿತು.
ನೀರಿಗೆ ಯಾರೂ ತಿಳಿಸಲಿಲ್ಲ,
ಅದು ಬರುತ್ತಲೇ ಇತ್ತು.

ಆ ವರ್ಷ ವಿಷುವಿಗೆ ಮೊದಲೇ ಬೋರುಗಳು ಕೆಮ್ಮಿ ನಿಂತವು.
ಇಂಜಿನಿಯರು ನಕ್ಷೆ ಬಿಡಿಸಿದರು, ಮಡಚಿದರು,
ಟ್ಯಾಂಕರಿಗೆ ಫೋನು ಮಾಡಿದರು.
ರಾತ್ರಿ ನಾನು ಇನ್ನೂರು ಮೀಟರು ಕರಿ ಪೈಪು ಎಳೆದೆ.
ಇಳಿಜಾರು, ಪಂಪೂ ಬೇಡ. ಕಿರುಬೆರಳಿನಷ್ಟು ದಪ್ಪ ನೀರು
ಹುಡುಗಿಯರ ಹಾಸ್ಟೆಲಿನ ನೆಲದ ಟ್ಯಾಂಕಿಗೆ ಬಿದ್ದು
ಬೆಳಗಾಗುವಾಗ ತಲೆಗೊಂದರಂತೆ ಬಕೆಟ್ಟು.

ಆ ವಾರ ದೂರು ಬರಲಿಲ್ಲ. ಸನಾತೊಂಬಿ ಬಂದಳು,
ಇಂಫಾಲದವಳು, ಕಲ್ಲಿನ ವಿಷಯ ಓದುವವಳು,
ಬೆಳಬೆಳಗ್ಗೆ, ಕೈಯಲ್ಲಿ ಟಾರ್ಚು.
ಈ ನೀರು ಆ ನೀರಲ್ಲ, ಅಂದಳು ಹಿಂದಿಯಲ್ಲಿ,
ಇದರಲ್ಲಿ ಸೋಪು ನೊರೆ ಬರುತ್ತದೆ.

ಕರೆದುಕೊಂಡು ಹೋದೆ. ಬಾಗಿ ಒಳಹೊಕ್ಕಳು,
ಎರಡು ಬಾವಲಿ ಹೊರಬಂದವು.
ಬಹಳ ಹೊತ್ತು ಟೇಪು ಎಳೆಯುವ ಸದ್ದು, ಹನಿಯ ಸದ್ದು.
ಆಮೇಲೆ ಒಳಗಿಂದಲೇ ಕೇಳಿದಳು:
ಕೊರೆದವರು ಎಡಚರಾ?
ಪಿಕಾಸಿಯ ಗೀರೆಲ್ಲ ಎಡದಿಂದ ಬಲಕ್ಕೆ ಇಳಿದಿವೆ.

ಅನ್ನ ಬಡಿಸಿದ ಮೇಲೆ ಅಪ್ಪ ಕೈ ಬದಲಿಸುತ್ತಿದ್ದ,
ಅಜ್ಜಿ ಬೈಯುತ್ತಿದ್ದಳು. ಅವನು ಹೋಗಿ ಹತ್ತೊಂಬತ್ತು ವರ್ಷ,
ಅದನ್ನು ಇಲ್ಲಿವರೆಗೆ ಯಾರೂ ಕೇಳಿರಲಿಲ್ಲ.
ಹೌದು ಅನ್ನುವಷ್ಟು ಹಿಂದಿ ನನಗೆ ಬರುತ್ತದೆ,
ಆಗ ಬರಲಿಲ್ಲ.
ಎಡಗೈ ಎತ್ತಿ ತೋರಿಸಿದೆ, ನನ್ನದು.
ಬೆಳಕಿಗೆ ಬೆನ್ನು ಹಾಕಿ ನಿಂತಿದ್ದೆ,
ಅವಳಿಗೆ ಕಂಡಿತೋ ಇಲ್ಲವೋ.

ಹೊರಟೆ. ನಾಲ್ಕನೆಯದನ್ನು ತೆರೆದೇ ಬಂದಿದ್ದೆ.