ಉದ್ದ ದನಿ, ತುಂಡು ದನಿ

ಮೊದಲ ದಿನ ದಾಂಗುವೊಲೆ ಪುಸ್ತಕ ತೆರೆಸಲೇ ಇಲ್ಲ.
ಹಳೆಯ ರನ್‌ವೇಯ ಬಿರುಕುಗಳಲ್ಲಿ ಎದ್ದ
ಬರ್ಚ್ ಸಸಿಗಳ ನಡುವೆ ನಮ್ಮನ್ನು ನಿಲ್ಲಿಸಿ
ಕೈಗೊಂದು ರೀಲು ಕೊಟ್ಟಳು: ಹಳದಿ ಪಟ್ಟಿ,
ತುದಿಯಲ್ಲಿ ಹೆಬ್ಬೆರಳುದ್ದದ ಉಕ್ಕಿನ ಮೂತಿ.
"ಕೊಳವೆಬಾವಿಗೆ ಇಳಿಸಿ. ಇಣುಕಬೇಡಿ, ಕೇಳಿ.
ಉದ್ದಕ್ಕೆ ಕೂಗಿದರೆ ಎಣ್ಣೆ.
ತುಂಡುತುಂಡಾಗಿ ಕೂಗಿದರೆ ನೀರು."

ನಾವು ಏಳು ಮಂದಿ. ಲಿಥುವೇನಿಯಾದ ನಕ್ಷೆಯಲ್ಲಿ
ಸಾಸಿವೆಯಷ್ಟೂ ಕಾಣದ ಬೆರ್ಜಿನೆಯವರು.
ಶಾಲೆಯ ಬಾಯ್ಲರಿಗೆ ಕಲ್ಲಿದ್ದಲು ಹಾಕುತ್ತಿದ್ದ ರಿಮ್ಗೌದಸ್,
ಅಂಚೆ ಹಂಚುವ ಅಕ್ಕತಂಗಿಯರು,
ಬೀಗ ಬಿದ್ದ ಡೈರಿಯಿಂದ ನಾನು.
ಕೂಲಿ ಕೊಟ್ಟು ಕಲಿಸುತ್ತಾರೆ ಎಂದರೆ
ಯಾರು ಬೇಡ ಅಂದಾರು?

ಹದಿನೆಂಟು ವರ್ಷ ಗಾಜಿನ ನಳಿಕೆಯಲ್ಲಿ
ಹಾಲಿನ ಕೊಬ್ಬು ಅಳೆದವಳು ನಾನು.
ಮಾದರಿ ತೆಗೆಯುವ ಕೊಳವೆ ಮೇಲೆ ಬಂದಾಗ
ಕೆಳಗೆ ನೀರು, ಮೇಲೆ ಜೇನುಬಣ್ಣದ ಸೀಮೆಎಣ್ಣೆ,
ನಡುವೆ ಕೂದಲೆಳೆಯಷ್ಟು ಗೆರೆ.
"ಕೆನೆ" ಅಂದುಬಿಟ್ಟೆ.
ದಾಂಗುವೊಲೆ ನಗಲಿಲ್ಲ. ಬೋರ್ಡಿನ ಮೇಲಿದ್ದ
ಮಾರುದ್ದದ ಶಾಸ್ತ್ರದ ಹೆಸರನ್ನು ಒರೆಸಿ
ಕೆನೆ ಎಂದೇ ಬರೆದಳು.

ಆಮೇಲೆ ಬಂದವು ಪುಸ್ತಕಗಳು.
ಬಾವಿಗೊಂದು ಜೊತೆ ಹೊಸ ಕೈಗವಸು.
ಸೀಸೆಯಲ್ಲಿ ಒಂದು ಗುಳ್ಳೆಯೂ ಉಳಿಯಕೂಡದು.
ನೀರೆತ್ತುವಾಗ ಅವಸರ ಬೇಡ,
ಹಸು ಸೊರೆಬಿಡುವ ತನಕ ಕಾದಂತೆ ಕಾಯಿರಿ.
ಬಾವಿಯಲ್ಲಿ ಕಂಡಷ್ಟು ದಪ್ಪ ಮಣ್ಣಿನಲ್ಲಿರುವುದಿಲ್ಲ,
ಬಾವಿ ಉಬ್ಬಿಸಿ ಹೇಳುತ್ತದೆ,
ದಂಡಿನಿಂದ ಮರಳಿದವರ ಹಾಗೆ.
ಆದರೆ ಮರಳು ಒಮ್ಮೆ ಹಿಡಿದದ್ದನ್ನು ಪೂರ್ತಿ ಬಿಡುವುದೂ ಇಲ್ಲ;
ಪಂಪು ಸೋತ ಮೇಲೆ ಗಾಳಿ ಊದಬೇಕು,
ಗಾಳಿ ಸಾಲದಿದ್ದರೆ ಕಣ್ಣಿಗೆ ಕಾಣದ ಜೀವಗಳಿಗೆ
ಉಣಬಡಿಸಿ ಕೂರಬೇಕು.
ಎಷ್ಟು ಕಾಲ?
ಈ ಪ್ರಶ್ನೆ ಬಂದಾಗಲೆಲ್ಲ ದಾಂಗುವೊಲೆ
ಕನ್ನಡಕ ಒರೆಸಿಕೊಳ್ಳುತ್ತಾಳೆ.

ನಕ್ಷೆಯನ್ನು ಒಂದು ರಾತ್ರಿ ಮನೆಗೆ ತಂದೆ.
ಅಡುಗೆಮನೆಯ ಮೇಜಿನ ತುಂಬ ಬಾವಿಗಳ ಚುಕ್ಕಿ.
ಅಪ್ಪ ಬೀಟ್ರೂಟ್ ಸಾರಿನ ಬಟ್ಟಲು ಸರಿಸಿ ನೋಡಿದ.
ಸೋವಿಯತ್ ನೆಲೆಯಲ್ಲಿ ಟ್ಯಾಂಕರ್ ಓಡಿಸಿದವನು,
ಮೂವತ್ತು ವರ್ಷ ಆ ಮಾತೆತ್ತದವನು.
"ಮಂಜು ಬಿದ್ದರೆ ವಿಮಾನ ಏಳುತ್ತಿರಲಿಲ್ಲ.
ಎದ್ದಿತೆಂದು ಬರೆಯುತ್ತಿದ್ದರು.
ಬರೆದಷ್ಟು ಎಣ್ಣೆ ತೀರಬೇಕಲ್ಲ,
ತಿಂಗಳ ಕೊನೆಗೆ ನನ್ನನ್ನು ಪೈನ್ ತೋಪಿಗೆ ಕಳಿಸುತ್ತಿದ್ದರು."
ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡವರನ್ನು ಕಂಡು
ಲೋಕ ನಗುತ್ತದೆ. ಅಪ್ಪ ನಲ್ಲಿ ತಿರುಗಿಸಿ
ನಿಜಕ್ಕೂ ಕಣ್ಣು ಮುಚ್ಚಿಕೊಳ್ಳುತ್ತಿದ್ದನಂತೆ, ಘಾಟಿಗೆ.
ಪೆನ್ಸಿಲ್ ಕೇಳಿದ.
ಒಂದೂ ಚುಕ್ಕಿಯಿಲ್ಲದ ಬಿಳಿ ಜಾಗದಲ್ಲಿ
ಕತ್ತರಿ ಗುರುತು ಹಾಕಿ ಸಾರು ಮುಗಿಸಿದ.

ತೋಪಿನ ಇಳಿಜಾರಿನ ಮನೆ ಬ್ರೋನೆಯದು.
ತನ್ನ ಬಾವಿಯಿಂದ ಮೊಗೆದೇ ಲಾಂದ್ರ ಹಚ್ಚಿದವಳು,
ಟ್ರ್ಯಾಕ್ಟರಿನವರಿಗೂ ಕೊಟ್ಟು ಮೊಟ್ಟೆ ಪಡೆದವಳು.
ಊರು ಅದನ್ನು ಭಾಗ್ಯ ಅಂದಿತ್ತು.
ಉಪ್ಪು ತಿಂದವರು ನೀರು ಕುಡಿಯಬೇಕಂತೆ.
ತಿಂದವರು ರೈಲು ಹತ್ತಿ ಹೋದರು,
ನೀರು ಇಲ್ಲೇ ಉಳಿಯಿತು.

ಹನ್ನೊಂದನೆಯ ದಿನ, ಪಾಠದಲ್ಲಿಲ್ಲದ ಆ ಜಾಗದಲ್ಲಿ ಕೊರೆದೆವು.
ಅಪ್ಪ ಬಂದ. ಟೋಪಿ ಕಿವಿವರೆಗೆ ಎಳೆದು ದೂರವೇ ನಿಂತ.
ಪಟ್ಟಿ ಇಳಿಸಿದವಳು ನಾನು.
ಆರು ಮೀಟರ್ ಮೌನ,
ಆಮೇಲೆ ಉದ್ದ ದನಿ.
ರಿಮ್ಗೌದಸ್ ಸೆಂಟಿಮೀಟರ್ ಓದುತ್ತಿದ್ದಾನೆ,
ಅಂಚೆಯ ತಂಗಿ ಬರೆದುಕೊಳ್ಳುತ್ತಿದ್ದಾಳೆ,
ಮೂವತ್ತೆಂಟು, ಮೂವತ್ತೊಂಬತ್ತು,
ಬೇಲಿಯಾಚೆಯಿಂದ ಬ್ರೋನೆ ಕೂಗುತ್ತಾಳೆ
ಅದೇನು ನಿಲ್ಲದ ರಾಗ ಅಂತ,
ಐವತ್ತೆರಡು,
ನಾನು ಬೆರಳು ಇನ್ನಷ್ಟು ಸಡಿಲಿಸುತ್ತೇನೆ:
ತುಂಡಾಗು, ದನಿಯೇ, ತುಂಡಾಗು.